ಹುಲಿ ವರ್ಷದ ಹತ್ತೊಂಬತ್ತು ಗಂಟು

"ಅಕ್ಕಾ, ಒಂದೇ ಒಂದು ಗಂಟು ಹಾಕಿ ಹೋಗಿ. ಮಗನಿಗೆ ಸೈನ್ಯಕ್ಕೆ ಕರೆಯುವ ಕೆಂಪು ಕಾಗದ ಬಂದಿದೆ."

ಕಿರ್ಯೂ ಸ್ಟೇಷನ್ನಿನ ಮುಂದೆ ಶಿಗೆ ಎಂಬಾಕೆ ಬೆಳಗಿನಿಂದ ದಾರಿಹೋಕ ಹೆಂಗಸರನ್ನೆಲ್ಲ ತಡೆದು ನಿಲ್ಲಿಸುತ್ತಿದ್ದಳು. ಕೈಯಲ್ಲಿ ಬಿಳಿ ಬಟ್ಟೆಯ ಪಟ್ಟಿ, ಸೂಜಿ, ಕೆಂಪು ದಾರ. ಸಾವಿರ ಹೆಂಗಸರು ತಲಾ ಒಂದು ಗಂಟು ಹಾಕಿದ ಪಟ್ಟಿ ಸೊಂಟದಲ್ಲಿದ್ದರೆ ಗುಂಡು ತಾಗುವುದಿಲ್ಲವೆಂದು ಊರೆಲ್ಲ ನಂಬಿತ್ತು. ೧೯೪೪ರ ಆ ಅಕ್ಟೋಬರಿನಲ್ಲಿ ನಂಬಲು ಬೇರೆ ಏನೂ ಉಳಿದಿರಲಿಲ್ಲ.

ಪಟ್ಟಿಯ ಇನ್ನೊಂದು ತುದಿ ಹಿಡಿದಿದ್ದವಳು ಮಿತ್ಸು, ಶಿಗೆಯ ಸೊಸೆಯಾಗಬೇಕಾದವಳು. ಶಿಗೆಯ ಮಗ ರಿಯೋಜಿ ಬಂದವನೇ ಅವಳ ಕಿವಿಯ ಹತ್ತಿರ ಬಾಗಿದ.

"ಇಷ್ಟು ಜನ ಹೆಂಗಸರು ನನ್ನ ಸೊಂಟ ಹಿಡೀತಾರಲ್ಲ, ನಿನಗೆ ಹೊಟ್ಟೆಕಿಚ್ಚಾಗಲ್ವಾ?"

"ಹೊಟ್ಟೆಕಿಚ್ಚು ಆಮೇಲೆ. ಮೊದ್ಲು ನೆಟ್ಟಗೆ ತಿರುಗಿ ಬನ್ನಿ."

ಅವನು ನಕ್ಕ. ಅವಳೂ ನಗಲು ಹೋದಳು, ಆಗಲಿಲ್ಲ. ರೈಲು ನಾಲ್ಕು ಗಂಟೆಗೆ.

"ಹುಲಿ ವರ್ಷದಲ್ಲಿ ಹುಟ್ಟಿದವಳು ಒಬ್ಬಳಾದ್ರೂ ಸಿಗ್ತಾಳಾ ನೋಡೆ ಮಿತ್ಸು" ಎಂದು ಶಿಗೆ ಗೊಣಗಿದಳು. "ಬೇಡ ಅಂದಾಗ ಬೀದಿ ತುಂಬ ಇದ್ರು ಹಾಳಾದವರು!"

ಅಲ್ಲಿ ಹನ್ನೆರಡು ವರ್ಷಗಳಿಗೆ ಸರದಿಯಲ್ಲಿ ಒಂದೊಂದು ಪ್ರಾಣಿಯ ಹೆಸರು. ಹುಲಿ ಎಷ್ಟು ದೂರ ಹೋದರೂ ಗುಹೆಗೆ ಮರಳುತ್ತದಂತೆ. ಅದಕ್ಕೇ ಆ ವರ್ಷದವರು ಮಾತ್ರ ತಮ್ಮ ವಯಸ್ಸಿನಷ್ಟು ಗಂಟು ಹಾಕಬಹುದು. ಆದರೆ ಅಂಥವಳನ್ನು ಸೊಸೆ ಮಾಡಿಕೊಳ್ಳಲು ಮಾತ್ರ ಯಾರೂ ತಯಾರಿಲ್ಲ, ಗಂಡನನ್ನು ತಿಂದುಬಿಡುತ್ತಾಳೆಂಬ ಭಯ. ಮಿತ್ಸು ಹುಟ್ಟಿದ್ದು ಹುಲಿ ವರ್ಷದ ಡಿಸೆಂಬರಿನಲ್ಲಿ. ಅಪ್ಪ ಇಪ್ಪತ್ತು ದಿನ ತಡೆದು, ಜನವರಿಯಲ್ಲಿ ಜನನ ದಾಖಲೆಗೆ ಹೆಸರು ಬರೆಸಿ, ಮಗಳನ್ನು ಮೊಲದ ವರ್ಷಕ್ಕೆ ದಾಟಿಸಿದ್ದ. ಈ ಗುಟ್ಟಿನ ಮೇಲೆಯೇ ಮದುವೆ ನಿಶ್ಚಯವಾಗಿತ್ತು. ಬಾಯಿ ಬಿಟ್ಟರೆ ರಿಯೋಜಿ ಕೈತಪ್ಪುತ್ತಾನೆ. ಬಿಡದಿದ್ದರೆ?

ಮಿತ್ಸು ಸೂಜಿ ತೆಗೆದುಕೊಂಡಳು. ಒಂದು ಗಂಟು ಹಾಕಿದಳು. ಎರಡು, ಮೂರು.

"ಏಯ್, ನಿನ್ನದು ಒಂದೇ ಕಣೇ!"

ಅವಳು ತಲೆ ಎತ್ತಲಿಲ್ಲ. ಹತ್ತೊಂಬತ್ತನೆಯದು ಮುಗಿಯುವವರೆಗೆ ನಿಲ್ಲಿಸಲಿಲ್ಲ.

"ಅಷ್ಟೂ ನನ್ನದೇ, ಅತ್ತೆ. ನಾನು ಹುಲಿ."

ಶಿಗೆಯ ಮುಖ ಬಿಳಿಚಿಕೊಂಡಿತು. ಪಟ್ಟಿಯನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಹೊಲಿಗೆ ಇರ್ಲಿ. ನೀನು ಬೇಡ."

ರೈಲು ಹೊರಡುವ ಮುಂಚೆ ರಿಯೋಜಿ ಕಿಟಕಿಯಿಂದ ಕೈ ಚಾಚಿ ಮಿತ್ಸುವಿನ ತೋಳು ಹಿಡಿದ. ಜನರೆದುರು ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

"ಪೆದ್ದಿ. ಸುಮ್ಮನಿದ್ದಿದ್ರೆ ನಮ್ಮ ಮದುವೆ ಆಗ್ತಿತ್ತು."

"ನೀವು ಬರದೇ ಹೋದ್ರೆ ಯಾರ ಜೊತೆ?"

ಅವನ ಕಣ್ಣು ತುಂಬಿತು. "ಹುಲಿ ಅಂತ ನನಗೆ ಯಾವತ್ತೋ ಗೊತ್ತಿತ್ತು. ನಿನ್ನ ಸಿಟ್ಟು ನೋಡಿದವನಿಗೆ ಯಾರಾದ್ರೂ ಹೇಳಬೇಕಾ? ಅಮ್ಮನನ್ನ ನಾನು ಒಪ್ಪಿಸ್ತೀನಿ. ನನಗೆ ನೀನೇ ಬೇಕು, ಮಿತ್ಸು."

ರೈಲು ಅಲುಗಿತು. ಜನ ಬಾವುಟ ಬೀಸಿ ಕೂಗಿದರು.

ಮಾರನೆಯ ವರ್ಷ, ಯುದ್ಧ ಮುಗಿದ ಮೇಲೆ, ಶಿಗೆಗೆ ಬಿಳಿ ಬಟ್ಟೆ ಸುತ್ತಿದ ಮರದ ಪೆಟ್ಟಿಗೆಯೊಂದು ಬಂತು. ಒಳಗೆ ಬೂದಿಯೂ ಇರಲಿಲ್ಲ, ರಿಯೋಜಿಯ ಹೆಸರು ಬರೆದ ಚೀಟಿ ಅಷ್ಟೆ. ಹುಲಿ ತಿಂದಿತು ನೋಡಿ ಎಂದು ಬಾವಿಕಟ್ಟೆಯ ಹೆಂಗಸರು ಆಡಿಕೊಂಡರು. ಅದೇ ಸಂಜೆ ಶಿಗೆ ಪೆಟ್ಟಿಗೆ ಹಿಡಿದು ಮಿತ್ಸುವಿನ ಮನೆ ಬಾಗಿಲಿಗೆ ಬಂದಾಗ, ಅವಳು ಬೈಗುಳ ಕೇಳಲು ತಯಾರಾಗಿ ತಲೆ ತಗ್ಗಿಸಿ ನಿಂತಳು.

ಶಿಗೆ ಬೈಯಲಿಲ್ಲ. ಪೆಟ್ಟಿಗೆಯನ್ನು ಮುಂದೆ ಚಾಚಿದಳು.

"ಎತ್ಕೊಳ್ಳೆ, ಸೊಸೆ. ತುಂಬಾ ಹಗುರ ಆಗ್ಬಿಟ್ಟಿದಾನೆ. ನನ್ನೊಬ್ಬಳ ಕೈಲಿ ಹೊರೋಕಾಗ್ತಿಲ್ಲ."