ಸತ್ತಾರ್ ಕದ್ದ ಜೀಪು

ಟಿಪ್ಪರ್ ನೇರ ನನ್ನ ಮೇಲೇ ಬರುತ್ತಿತ್ತು!

ಟೇಕಲ್ ಹತ್ತಿರದ ಕಲ್ಲು ಕ್ವಾರಿ. ನೆತ್ತಿ ಸುಡುವ ಬಿಸಿಲು. ಕೈಯಲ್ಲೊಂದು ಅಲ್ಯೂಮಿನಿಯಂ ಕೋಲು, ಎದೆಯ ಮೇಲೆ ನೇತುಬಿದ್ದ ಪೆಟ್ಟಿಗೆ.

ಚಾಕು? ಇಲ್ಲ! ಸೊಂಟಕ್ಕೆ ಬೆಲ್ಟೂ ಇಲ್ಲ. ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಪ್ರಾಣ ಉಳಿಸಿಕೊಳ್ಳಲು ಓಡುವವನನ್ನು ನೀವು ನೋಡಿದ್ದೀರಾ? ಅವತ್ತು ನೋಡಬಹುದಿತ್ತು.

ಬಂಡೆಯ ಹಿಂದಕ್ಕೆ ಹಾರಿದೆ. ಟಿಪ್ಪರಿನ ಬಂಪರ್ ಬಂಡೆಗೆ ಉಜ್ಜಿ ಕಿಡಿ ಹಾರಿತು. ಗೇರ್ ಕಿರುಗುಟ್ಟಿತು... ರಿವರ್ಸ್ ಹೋಗುತ್ತಿದ್ದ. ಮತ್ತೆ ಬರುತ್ತಾನೆ!

ಇಷ್ಟೆಲ್ಲ ಒಂದು ಜೀಪಿಗಾಗಿ.

ನನ್ನ ಹೆಸರು ಆಂಜಿನಪ್ಪ. ಕೆಲಸ ಸೀಜರ್. ಕಂತು ಕಟ್ಟದವರ ಗಾಡಿಗಳನ್ನು ಹುಡುಕಿ, ಎಳೆದು ತಂದು ಫೈನಾನ್ಸ್ ಕಂಪನಿಗೆ ಒಪ್ಪಿಸುವವನು. ಕೋಲಾರದಲ್ಲಿ ಲಾಡ್ಜ್ ರೂಮು. ಹೆಂಡತಿ ಇಲ್ಲ. ಸ್ನೇಹಿತರಿಲ್ಲ. ಗಾಡಿ ಕಿತ್ತುಕೊಳ್ಳುವವನ ಜೊತೆ ಯಾರು ಕೂತು ಕಾಫಿ ಕುಡಿಯುತ್ತಾರೆ, ಹೇಳಿ?

ನನ್ನ ಕೈಗೆ ಸಿಗದ ಗಾಡಿ ಒಂದೇ. ಕಂತಿನ ಮೇಲೆ ಕೊಂಡು, ಎಪ್ಪತ್ತೆಂಟರಲ್ಲಿ ಮಾಯವಾದ ಕದಿರೇಶನ ಜೀಪು.

ಕದಿರೇಶ ಮಾಲೂರಿನ ಹೊರಗೆ ಮ್ಯಾಗ್ನೆಟೋಮೀಟರ್ ತಯಾರಿಸುತ್ತಿದ್ದ. ಅದಿರು ಹುಡುಕುವವರು ಹೊಲ ಗುಡ್ಡಗಳಲ್ಲಿ ಹೊತ್ತು ತಿರುಗುವ ಯಂತ್ರ. ನೆಲದ ಕಾಂತಶಕ್ತಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ನಂಬರಿನಲ್ಲಿ ತೋರಿಸುತ್ತದೆ. ಹತ್ತಿರ ಕಬ್ಬಿಣ ಇದ್ದರೆ ನಂಬರು ಕೆಡುತ್ತದೆ. ಅದಕ್ಕೇ ಅವನ ವರ್ಕ್‌ಶಾಪು ಊರಿಂದ, ರೈಲು ಹಳಿಯಿಂದ ದೂರ, ನೀಲಗಿರಿ ತೋಪಿನ ನಡುವೆ. ಅವನ ವಾಸವೂ ಅಲ್ಲೇ. ಒಬ್ಬನೇ.

ಜೀಪು ಓಡಿಸುವವನೂ, ಫೀಲ್ಡಿನಲ್ಲಿ ಯಂತ್ರ ಹೊತ್ತು ನಡೆಯುವವನೂ ಸತ್ತಾರ್. ಒಂದು ದಿನ ಹೊಸ ಯಂತ್ರವನ್ನು ಟೆಸ್ಟ್ ಮಾಡಲು ಹೋದವನು ತಿರುಗಿ ಬರಲಿಲ್ಲ. ಜೀಪು ಸಮೇತ ಬೊಂಬಾಯಿಗೆ ಓಡಿಹೋದ ಎಂದು ಊರೆಲ್ಲ ಸುದ್ದಿ. ಕದಿರೇಶ ಕಂಪ್ಲೇಂಟ್ ಕೊಟ್ಟ. ನಾನು ಬೊಂಬಾಯಿಯ ಗ್ಯಾರೇಜುಗಳನ್ನೆಲ್ಲ ಅಲೆದು ಬರಿಗೈಯಲ್ಲಿ ಬಂದೆ.

ಆರು ವರ್ಷ ಕಳೆಯಿತು. ಮೊನ್ನೆ ಮುಳಬಾಗಿಲಿನ ಹೋಟೆಲ್ಲೊಂದರಲ್ಲಿ ಹಳೇ ಟಿಪ್ಪರ್ ಡ್ರೈವರ್ ಸೊಣ್ಣಪ್ಪ ಎದುರಿಗೆ ಬಂದು ಕೂತ. ಕುಡಿದು ಕುಡಿದು ಲಿವರ್ ಹೋಗಿತ್ತು. ಕಣ್ಣು ಹಳದಿ.

“ಅಣ್ಣಾ... ಆ ಜೀಪು ಎಲ್ಲೂ ಹೋಗಿಲ್ಲ. ಟೇಕಲ್ ಪೆದ್ದಪ್ಪನ ಕ್ವಾರಿನಾಗೇ ಐತೆ.”

“ಯಾರು ಬಚ್ಚಿಟ್ಟಿದ್ದು?”

“ಮುಚ್ಚಿದ್ದೇ ನಾನು!” ಅತ್ತಿತ್ತ ನೋಡಿ ದನಿ ತಗ್ಗಿಸಿದ. “ರಸ್ತೇಲಿ ಕೆಂಪು ಬಾವುಟ ಇಡ್ದೆ ಮದ್ದು ಸಿಡ್ಸಿದ್ರು. ಮಾಲೂರು ಕಡೆ ಬರ್ತಿದ್ದ ಜೀಪಿನ ಮೇಲೆ ಬಂಡೆ ಬಿತ್ತು. ಸತ್ತಾರ್ ಅಲ್ಲೇ... ಲೈಸೆನ್ಸ್ ಹೋಗ್ತದೆ ಅಂತ ಪೆದ್ದಪ್ಪ ಎಲ್ಲಾನೂ ಹಳ್ಳಕ್ಕೆ ತಳ್ಳಿಸ್ದ. ಮೇಲೆ ಕಲ್ಲು ಸುರ್ದೋನು ನಾನು. ಬೊಂಬಾಯಿ ಕತೆ ಕಟ್ಟಿದ್ದೂ ಅವ್ನೇ.”

“ಜಾಗ ತೋರಿಸ್ತೀಯಾ?”

“ಎಲ್ಲಾ ಒಂದೇ ಸಮ ಆಗೋಗೈತೆ ಅಣ್ಣಾ. ಗುರ್ತು ಸಿಕ್ಕಲ್ಲ.”

ಗುರುತು ಸಿಗದ ಕಬ್ಬಿಣ ಹುಡುಕಲು ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿತ್ತು.

ಕದಿರೇಶನ ವರ್ಕ್‌ಶಾಪಿನ ಕಿಟಕಿಯ ಬಳಿ ಒಬ್ಬ ಹೆಂಗಸು ತಾಮ್ರದ ತಂತಿ ಸುತ್ತುತ್ತಿದ್ದಳು. ಅಮೀನಾ ಬೀ. ಸತ್ತಾರನ ಹೆಂಡತಿ! ಕಳ್ಳನ ಹೆಂಡತಿಗೆ ಬೇರಾರೂ ಕೆಲಸ ಕೊಟ್ಟಿರಲಿಲ್ಲ. ಕಂಪ್ಲೇಂಟ್ ಕೊಟ್ಟವನೇ ಕೊಟ್ಟಿದ್ದ. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಇಬ್ಬರು... ಸತ್ತಾರನ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಕದಿರೇಶನನ್ನು ಹೊರಗೆ ಕರೆದು ಹೇಳಿದೆ. ನೀಲಗಿರಿ ಮರಕ್ಕೆ ಕೈ ಊರಿಕೊಂಡು ಎಲ್ಲ ಕೇಳಿದ. ಆಮೇಲೆ ಒಳಗಿಂದ ಯಂತ್ರ ತಂದ.

“ಚಾಕು ತೆಗೀರಿ. ಬೆಲ್ಟು, ವಾಚು, ಬೀಗದಕೈ... ಎಲ್ಲ.”

“ಪೆದ್ದಪ್ಪನ ಕ್ವಾರಿಗೆ ಚಾಕು ಇಲ್ದೆ ಹೋಗ್ಲಾ?”

“ಚಾಕು ಬೇಕಾ? ಜೀಪು ಬೇಕಾ?”

ತೆಗೆದಿಟ್ಟೆ.

“ಕೋಲಿನ ತುದೀಲಿರೋ ಡಬ್ಬಿ ತುಂಬ ಸೀಮೆಎಣ್ಣೆ ಇದೆ. ಅದಿಲ್ದೆ ಯಂತ್ರ ನಡೆಯಲ್ಲ. ಜೋಪಾನ.”

“ನೀವು ಬರಲ್ವಾ?”

ಅವನು ಕಿಟಕಿಯ ಕಡೆ ನೋಡಿದ. ಅಮೀನಾ ಇನ್ನೂ ತಂತಿ ಸುತ್ತುತ್ತಿದ್ದಳು.

ಕ್ವಾರಿಯಲ್ಲಿ ಸರ್ವೆಯವನು ಎಂದೆ. ಕೂಲಿಯವರು ನಂಬಿದರು. ಕಲ್ಲುಪುಡಿಯ ಮೇಲೆ ನಿಧಾನ ನಡೆದೆ. ನಿಂತು, ಯಂತ್ರದ ಗುಂಡಿ ಒತ್ತಿ, ನಂಬರು ನೋಡಿ, ಮತ್ತೆ ನಡೆದೆ. ನಲವತ್ತು ಸಾವಿರದ ಆರುನೂರು... ಅದರ ಆಸುಪಾಸು... ಮತ್ತೆ ಅದೇ...

ಇದ್ದಕ್ಕಿದ್ದಂತೆ ನಲವತ್ತೊಂದು ಸಾವಿರ ದಾಟಿತು!

ಪಕ್ಕಕ್ಕೆ ಸರಿದೆ. ಇಳಿಯಿತು. ವಾಪಸ್ ಬಂದೆ. ಏರಿತು. ನನ್ನ ಕಾಲ ಕೆಳಗೆ ಸತ್ತಾರ್ ಇದ್ದ.

ಆಗಲೇ ಟಿಪ್ಪರ್ ಸ್ಟಾರ್ಟ್ ಆದದ್ದು. ನಾನು ಮರೆತಿದ್ದೆ... ಅಂಥ ಯಂತ್ರವನ್ನು ಪೆದ್ದಪ್ಪ ಮೊದಲೇ ನೋಡಿದ್ದ. ಆ ಜೀಪಿನೊಳಗೆ!

ಎರಡನೇ ಸಲ ನುಗ್ಗಿದ ಟಿಪ್ಪರಿನ ಹಿಂದಿನ ಚಕ್ರ ಸಡಿಲ ಕಲ್ಲಿನಲ್ಲಿ ಹೂತುಹೋಯಿತು. ಎಂಜಿನ್ ಅರಚಿತು. ಗಾಡಿ ಅಲುಗಲಿಲ್ಲ. ಕ್ಯಾಬಿನ್ನಿನಿಂದ ಪೆದ್ದಪ್ಪನೇ ಇಳಿದ. ಕೈಯಲ್ಲಿ ಹಾರೆ.

“ಒರೇಯ್! ಯಾರ್ಲಾ ನೀನು? ಏನ್ ಹುಡುಕ್ತಿದೀಯ?”

“ಒಂದು ಜೀಪು.”

ಮುಖ ಕಪ್ಪಿಟ್ಟಿತು. ಹಾರೆ ಬೀಸಿದ. ಬಗ್ಗಿದೆ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಹೊಡೆದೆ. ಡಬ್ಬಿ ಅವನ ಹೆಗಲ ಮೇಲೆ ಒಡೆಯಿತು! ಅಂಗಿ, ಪಂಚೆ, ಎಲ್ಲ ಸೀಮೆಎಣ್ಣೆ.

ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಂದು ಕಡ್ಡಿ ಗೀರಿದೆ.

“ಬೇಡ್ಲಾ... ಇಷ್ಟು ಹತ್ರ ಇದೀಯ... ನೀನೂ ಸುಟ್ಟೋಗ್ತೀಯ!”

“ನಾನ್ ಸತ್ರೆ ಅಳೋರಿಲ್ಲ ಪೆದ್ದಪ್ಪ. ನಿನಗೆ?”

ಹಾರೆ ಕೆಳಗೆ ಬಿತ್ತು.

“ಅಗೀರಿ!” ಎಂದು ಕೂಗಿದೆ. ಕಲ್ಲೊಡೆಯುವವರೆಲ್ಲ ನಿಂತು ನೋಡುತ್ತಿದ್ದರು. ಒಬ್ಬರೂ ಕದಲಲಿಲ್ಲ. ಕಡ್ಡಿ ಬೆರಳು ಸುಟ್ಟಿತು. ಆರಿಸಿ ಎಸೆದೆ. ಇನ್ನೊಂದನ್ನು ಕೈಗೆ ತೆಗೆದುಕೊಂಡೆ...

ಗುಂಪಿನಿಂದ ಒಬ್ಬ ಮುದುಕಿ ಹೊರಬಂದಳು. ಮುನಿಗಂಗಮ್ಮ. ಗುದ್ದಲಿ ಎತ್ತಿಕೊಂಡಳು.

“ಆವತ್ತು ನಾನೂ ನೋಡ್ದೆ ಕಣಯ್ಯಾ. ಕೂಲಿ ಹೋಗ್ತದೆ ಅಂತ ಬಾಯಿ ಮುಚ್ಕೊಂಡಿದ್ದೆ.”

ಅವಳ ಮೊದಲ ಏಟು ಬಿತ್ತು. ಆಮೇಲೆ ಇನ್ನೊಬ್ಬರು. ಆಮೇಲೆ ಎಲ್ಲರೂ. ಯಾರೋ ಸ್ಟೇಷನ್‌ಗೆ ಓಡಿದರು.

ಪೊಲೀಸರು ಬಂದು ಪೆದ್ದಪ್ಪನನ್ನು ಹಿಡಿದುಕೊಂಡಾಗ ಜೀಪಿನ ಬಾನೆಟ್ ಕಾಣುತ್ತಿತ್ತು. ಸಂಜೆ ಹೊತ್ತಿಗೆ ಸ್ಟೀರಿಂಗ್. ಅದರ ಹಿಂದೆ ಸತ್ತಾರ್... ಉಳಿದಿದ್ದಷ್ಟು.

ಕದಿರೇಶ ಅಮೀನಾ ಬೀಯನ್ನು ಕರೆತಂದ. ಅವಳು ಅಳಲಿಲ್ಲ. ನನ್ನ ಬಳಿ ಬಂದಳು.

“ಭಾಯ್... ಗಾಡಿ ಯಾವ ಕಡೆ ಹೋಗ್ತಿತ್ತು?”

“ಮಾಲೂರು ಕಡೆ. ಮನೆಗೆ ಬರ್ತಿದ್ದ. ಕಣ್ಣಾರೆ ನೋಡಿದವನು ಹೇಳಿದ್ದಾನೆ.”

ಸೆರಗನ್ನು ಮುಖದ ಮೇಲೆಳೆದುಕೊಂಡಳು. ಆಗ ಅತ್ತಳು.

ಕದಿರೇಶ ಮುಂದೆ ಬಂದ. “ಅಮೀನಾ... ನಾನು...”

“ಮೊದ್ಲು ಸ್ಟೇಷನ್‌ಗೆ ಹೋಗಿ ಸಾಬ್. ನಮ್ ಮನೆಯವ್ರ ಮೇಲಿನ ಕಂಪ್ಲೇಂಟ್ ವಾಪಸ್ ತಗೊಳ್ಳಿ. ಮಾತು ಆಮೇಲೆ.”

ಅವನು ಹೋದ. ವಾಪಸ್ ತೆಗೆದುಕೊಂಡ. ಆದರೆ ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ.

ಡಬ್ಬಿ ಒಡೆದ ಕೋಲು ಕೊಡಲು ಹೋದಾಗ ಕಿಟಕಿಯ ಬಳಿ ಅವನೇ ಕೂತು ತಂತಿ ಸುತ್ತುತ್ತಿದ್ದ. ತಂತಿ ತುಂಡಾಯಿತು. ಗಂಟು ಹಾಕಿದ. ಮತ್ತೆ ತುಂಡಾಯಿತು.

“ಬರ್ತಾಳಾ ಆಂಜಿನಪ್ಪ?”

“ಗೊತ್ತಿಲ್ಲ.”

ಟೀ ಕೊಟ್ಟ. ಕುಡಿದೆವು. ಎದ್ದು ಬರುವಾಗ ‘ಇನ್ನೊಂದು ಕಪ್?’ ಎಂದ. ಬೇಡ ಎನ್ನಲು ಬಾಯಿ ಬರದೆ ಮತ್ತೆ ಕೂತೆ.

ಕೋಲಾರಕ್ಕೆ ವಾಪಸಾಗಿ ಲಾಡ್ಜಿನ ಕೌಂಟರಿನಿಂದ ಫೈನಾನ್ಸ್ ಕಂಪನಿಗೆ ಫೋನ್ ಮಾಡಿದೆ.

“ಸಾರ್, ಎಪ್ಪತ್ತೆಂಟರ ಜೀಪು ಸಿಕ್ತು.”

ಆ ಕಡೆ ಮ್ಯಾನೇಜರಿಗೆ ಖುಷಿಯೋ ಖುಷಿ. “ಭೇಷ್ ಆಂಜಿನಪ್ಪ! ಸ್ಟೆಪ್ನಿ ಇದ್ಯಾ?”

“ಇದೆ ಸಾರ್... ಡ್ರೈವರ್ ಕೂಡ ಇದ್ದ, ನೀವು ಕೇಳ್ಲಿಲ್ಲ!”