ಕಿತ್ತಳೆ ಗಿಡದ ಎರಡು ಪಟ್ಟಿಗಳು

ನಮ್ಮ ನರ್ಸರಿಯಲ್ಲಿ ಗಿಡಗಳಿಗೆ ಹೆಸರಿನ ಚೀಟಿ ಬರೆಯುವುದು ನನ್ನ ಕೆಲಸ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳ ಕೈಗೆ ಅಪ್ಪ ಒಂದು ಮಾರ್ಕರ್ ಪೆನ್ ಕೊಟ್ಟಿದ್ದರು. ಗಿರಾಕಿಗಳ ಮುಂದೆ ಬಾಯಿ ಬಿಡಲಾರದ ನಾನು ಚೀಟಿಗಳ ಮೇಲೆ ಸ್ವಲ್ಪ ಹೆಚ್ಚೇ ಮಾತಾಡುತ್ತಿದ್ದೆ. ‘ದಿನಾ ನೀರು ಬೇಡ, ಆಗಾಗ ವಿಚಾರಿಸಿಕೊಂಡರೆ ಸಾಕು.’ ಹೀಗೆ ಏನೇನೋ.

ಚಳಿ ಇಳಿಯುತ್ತಿದ್ದ ಒಂದು ಬೆಳಿಗ್ಗೆ ಯಾರೋ ಅವನ್ನು ಜೋರಾಗಿ ಓದುವುದು ಕೇಳಿಸಿತು.

"‘ಬಿಸಿಲಿಗೆ ಇಡಿ, ಆದರೆ ದಿಟ್ಟಿಸಿ ನೋಡಬೇಡಿ.’ ಯಜಮಾನ್ರೇ, ಇದು ಗಿಡದ ಮಾತೋ, ಬರೆದವರ ಮಾತೋ?"

ಸಸಿಗಳ ಟ್ರೇ ತುಂಬುತ್ತಿದ್ದ ಅಮ್ಮ ನಕ್ಕುಬಿಟ್ಟಳು. "ಬರೆದೋಳು ಅಗೋ, ಗೊಬ್ಬರದ ಮೂಟೆ ಹಿಂದೆ ಅಡಗಿದಾಳೆ. ಮಾತಾಡ್ಸಿ ನೋಡಿ, ನಿಮ್ಮ ಪುಣ್ಯ."

ಅಪ್ಪನ ಕಣ್ಣು ಮಂಜಾದ ಮೇಲೆ ಕಸಿ ಕಟ್ಟಲು ಹೊರಗಿನವರನ್ನು ಕರೆಸಬೇಕಾಗಿತ್ತು. ಚೀಟಿ ಓದುತ್ತ ಬಂದವನಿಗೆ ಇಪ್ಪತ್ತೆಂಟಿರಬಹುದು, ಆದರೂ ಎಲ್ಲರೂ ಕಸಿ ಮಾಸ್ಟ್ರು ಎಂದೇ ಕರೆಯುತ್ತಿದ್ದರು. ಹುಳಿ ಗಿಡದ ಕಾಂಡ ಸೀಳಿ, ಅದರೊಳಗೆ ಸಿಹಿ ಕಿತ್ತಳೆಯ ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದ. ಪಟ್ಟಿ ಕತ್ತರಿಸಿ ಕೊಡಲು ಅಪ್ಪ ನನ್ನನ್ನು ಕೂರಿಸಿದರು.

ಹನ್ನೆರಡು ದಿನ ಅವನ ಪಕ್ಕ ಕೂತೆ. ಮುಖ ನೋಡಲು ಭಯ, ಕೈ ನೋಡಲು ನಾಚಿಕೆ. ನೆಲ ನೋಡಿಕೊಂಡೇ ಪಟ್ಟಿ ಚಾಚುತ್ತಿದ್ದೆ.

"ಡೈರಿ ಮೇಡಂ, ನೆಲದಲ್ಲಿ ಏನಾದ್ರೂ ಬಿದ್ದೋಗಿದೆಯಾ?"

"ಇಲ್ಲ."

"ಮತ್ತೆ ಹುಡುಕ್ತಾನೇ ಇದೀರಲ್ಲ."

ನನ್ನ ಏಪ್ರನ್ ಜೇಬಿನಿಂದ ಇಣುಕುತ್ತಿದ್ದ ಡೈರಿಯನ್ನು ಮೊದಲ ದಿನವೇ ಗಮನಿಸಿದ್ದ. ಅದರಲ್ಲಿ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲ. ನನಗೆ ಹಿಡಿಸಿದ್ದು ಅದೇ. ಐದನೆಯ ದಿನ ನಾನು ತಲೆ ಎತ್ತದೆ, "ನಿಮಗೆ ಕೈ ನೋಯಲ್ವಾ?" ಎಂದೆ. ಅವನು ಚಾಕು ಕೆಳಗಿಟ್ಟು, "ಅಬ್ಬಾ! ಐದು ದಿನಕ್ಕೆ ಮೂರು ಪದ ಸಿಕ್ತಲ್ಲ" ಎಂದ. ಆ ದಿನದ ಡೈರಿ ನಾಲ್ಕು ಪುಟ.

ಕೊನೆಯ ದಿನ ಒಂದು ಕಿತ್ತಳೆ ಕಸಿಯನ್ನು ಬೇರೆಯಾಗಿ ಕಟ್ಟಿ ಬೆಂಚಿನ ತುದಿಯಲ್ಲಿಟ್ಟ. ಅಮ್ಮ ಊಟಕ್ಕೆ ಕೂಗುತ್ತಿದ್ದಳು. ಅವನು ಎದ್ದೇಳಲಿಲ್ಲ.

"ನೀವು ಬಾಯಿಬಿಟ್ಟು ಹೇಳಲ್ಲ ಅಂತ ಗೊತ್ತು. ಹೇಳೋದೂ ಬೇಡ. ಎರಡು ತಿಂಗಳಿಗೆ ಕಸಿ ಹಿಡಿದಿದೆಯಾ ನೋಡೋಕೆ ಬರ್ತೀನಿ. ಅಷ್ಟರಲ್ಲಿ ನೀವು ಈ ಒಂದು ಗಿಡದ ಪಟ್ಟಿ ಬಿಚ್ಚಿದ್ರೆ, ಅವತ್ತೇ ನಿಮ್ಮಪ್ಪನ ಹತ್ರ ಮಾತಾಡ್ತೀನಿ. ಕಟ್ಟಿದ ಹಾಗೇ ಇದ್ರೆ ಸುಮ್ನೆ ಹೋಗ್ತೀನಿ. ನಿಮಗೆ ಮುಜುಗರ ಆಗಬಾರದು."

ನಾನು ನೆಲ ನೋಡಿದೆ. ನೆಲ ಕಾಣಲಿಲ್ಲ.

ಬಿಸಿಲು ಏರಿತು. ಸಸಿಗಳ ಮೇಲೆ ಹಸಿರು ಬಲೆ ಎಳೆದೆವು, ದಿನಕ್ಕೆ ಮೂರು ಸಲ ನೀರು ಹನಿಸಿದೆವು. ಕಿತ್ತಳೆ ಕಡ್ಡಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೂಡಿದಾಗ ಅಲ್ಲೇ ಕೂತು ಅತ್ತೆ. ದಿನಾ ಬ್ಲೇಡು ಹಿಡಿದು ಹೋಗುವುದು, ದಿನಾ ವಾಪಸು ಬರುವುದು. ಕೊನೆಗೆ ಅವನು ಬರುವ ಹಿಂದಿನ ದಿನ ಮಧ್ಯಾಹ್ನ ಉಸಿರು ಬಿಗಿಹಿಡಿದು ಪಟ್ಟಿ ಕೊಯ್ದೆ. ಸುರುಳಿಯಾಗಿ ಬಿಚ್ಚಿಕೊಂಡ ಅದನ್ನು ಡೈರಿಯಲ್ಲಿಟ್ಟೆ. ಆ ದಿನ ಏನೂ ಬರೆಯಲಿಲ್ಲ. ಬರೆಯಬೇಕಾದ್ದೆಲ್ಲ ಬೆಂಚಿನ ಮೇಲಿತ್ತು.

ಸಂಜೆಗೆ ಗಾಳಿ ಎದ್ದಿತು.

ಬೆಳಿಗ್ಗೆ ಅವನ ಬೈಕಿನ ಸದ್ದು ಕೇಳಿದ್ದೇ ನಾನು ಬೀಜದ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡೆ. ಕಿಟಕಿಯ ಸಂದಿಯಿಂದ ನೋಡಿದೆ. ಗೇಟಿನ ಬಳಿಯೇ ನಿಂತು ಬೆಂಚಿನ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಉಳಿದ ಸಾಲುಗಳನ್ನೆಲ್ಲ ಎಣಿಸಿ, ಅಪ್ಪನೊಂದಿಗೆ ಎರಡು ಮಾತಾಡಿ, ಹೊರಟೇಹೋದ.

ಓಡಿಬಂದು ನೋಡಿದರೆ ನನ್ನ ಗಿಡಕ್ಕೆ ಹೊಸ ಪಟ್ಟಿ ಸುತ್ತಿತ್ತು.

ಅವನೇ ಮತ್ತೆ ಕಟ್ಟಿಹೋಗಿದ್ದಾನೆ ಎಂದುಕೊಂಡೆ. ಬೆಂಚಿನ ಹತ್ತಿರ ಅವನು ಹೋದದ್ದನ್ನು ನಾನು ಕಂಡಿರಲಿಲ್ಲ, ಆದರೆ ಕಿಟಕಿಯ ಸಂದಿಗೆ ಎಲ್ಲ ಎಲ್ಲಿ ಕಾಣುತ್ತದೆ? ಎರಡು ತಿಂಗಳಲ್ಲಿ ಮನಸ್ಸು ಬದಲಾಗಿರಬೇಕು. ಅದನ್ನೂ ಮಾತಿಲ್ಲದೆ, ನನಗೆ ಮುಜುಗರ ಆಗದ ಹಾಗೆ ಹೇಳಿದ್ದಾನೆ.

ಮಳೆ ಬಂತು. ಮಳೆಗಾಲವೆಂದರೆ ನಮಗೆ ಉಸಿರಾಡಲು ಬಿಡುವಿಲ್ಲ. ಗಾಡಿಗೆ ಸಸಿ ಹೇರುವಾಗ ಕೆನ್ನೆ ಯಾಕೆ ಒದ್ದೆ ಎಂದು ಯಾರೂ ಕೇಳುವುದಿಲ್ಲ. ಅಪ್ಪ ಒಂದು ದಿನ ಕಿತ್ತಳೆಯ ಪಟ್ಟಿ ಕೊಯ್ದು ಬಿಸಾಡಿದ್ದರು. ಆರಿಸಿಕೊಂಡು, ನೋಡಲಾರದೆ, ಮೊದಲಿನದರ ಜೊತೆಗೇ ಡೈರಿಯಲ್ಲಿಟ್ಟೆ. ಮಳೆ ನಿಂತು ಚಳಿಗಾಲದ ಹೂವಿನ ಬೀಜ ಬಿತ್ತುವ ಹೊತ್ತಿಗೆ ಗೊಬ್ಬರದ ಲಾರಿಯವನು ಸುದ್ದಿ ತಂದ: ಕಸಿ ಮಾಸ್ಟ್ರಿಗೆ ಮದುವೆ ಆಯಿತಂತೆ.

"ಒಳ್ಳೇ ಹುಡುಗ," ಎಂದಳು ಅಮ್ಮ. ನನ್ನ ಕಡೆ ನೋಡಿ, "ನಮ್ಮದೂ ಒಂದಿದೆ. ಬಾಯಿಗೆ ಬೀಗ ಹಾಕಿ ಕೀಲಿ ಎಲ್ಲಿಟ್ಟಿದಾಳೋ."

ಮತ್ತೆ ಚಳಿ ಇಳಿಯಿತು. ಮತ್ತೆ ಅವನು ಬಂದ. ಸ್ವಲ್ಪ ತೆಳ್ಳಗಾಗಿದ್ದ. ಚೀಟಿಗಳನ್ನು ಈ ಸಲ ಮನಸ್ಸಿನಲ್ಲೇ ಓದಿಕೊಂಡ. ನಾನು ಪಕ್ಕದಲ್ಲಿ ಕೂತು ಪಟ್ಟಿ ಕತ್ತರಿಸಿದೆ. ಈಗ ಭಯಪಡಲು ಏನೂ ಉಳಿದಿರಲಿಲ್ಲ. ಅದಕ್ಕೇ ಇರಬೇಕು, ಮೊದಲ ಸಲ ಅವನ ಕೈ ನೋಡಿದೆ.

ಅವನು ಗಂಟು ಹಾಕುತ್ತಿರಲಿಲ್ಲ. ಪಟ್ಟಿಯ ತುದಿಯನ್ನು ಕೊನೆಯ ಸುತ್ತಿನೊಳಗೆ ತೂರಿಸಿ ಎಳೆದುಬಿಡುತ್ತಿದ್ದ.

"ನೀವು ಗಂಟು ಹಾಕಲ್ವಾ?"

"ಯಾವತ್ತೂ ಇಲ್ಲ. ಗಂಟು ಕಾಂಡಕ್ಕೆ ಒತ್ತುತ್ತೆ." ಬೆಂಚಿನ ತುದಿಯತ್ತ ನೋಡಿದ. ಕಿತ್ತಳೆ ಗಿಡದಲ್ಲಿ ಮೊದಲ ಮೊಗ್ಗುಗಳಿದ್ದವು. "ಚೆನ್ನಾಗಿ ಬಂದಿದೆ. ಆಮೇಲೆ ಯಾವಾಗ ಬಿಚ್ಚಿದ್ರಿ?"

"ಆಮೇಲಲ್ಲ. ನೀವು ಬರೋ ಹಿಂದಿನ ದಿನವೇ ಬಿಚ್ಚಿದ್ದೆ. ನೀವೇ ಮತ್ತೆ ಕಟ್ಟಿ ಹೋದ್ರಿ."

ಚಾಕು ನಿಂತಿತು.

"ನಾನಾ? ನಾನು ಗೇಟಿಂದಲೇ ನೋಡಿದೆ. ಪಟ್ಟಿ ಕಾಣ್ತು. ಹತ್ರ ಹೋಗೋಕೆ ಮನಸ್ಸಾಗಲಿಲ್ಲ."

ನಾನು ಡೈರಿ ತೆಗೆದು ಎರಡೂ ಪಟ್ಟಿಗಳನ್ನು ಬೆಂಚಿನ ಮೇಲಿಟ್ಟೆ. ಒಂದರ ತುದಿ ನೇರ, ನಯ. ಇನ್ನೊಂದರ ಬ್ಲೇಡು ತಾಗದ ಕಡೆ ಗಟ್ಟಿಯಾದ ಜೋಡಿ ಗಂಟು.

ಆಚೆ ಸಾಲಿನಲ್ಲಿ ಅಪ್ಪ ಬಳ್ಳಿಯೊಂದನ್ನು ಕೋಲಿಗೆ ಕಟ್ಟುತ್ತಿದ್ದರು. ಒಂದು ಗಂಟು. ಎಳೆದು, ಅದರ ಮೇಲೆ ಇನ್ನೊಂದು. ನಾವಿಬ್ಬರೂ ಆ ಕೈಗಳನ್ನೇ ನೋಡಿದೆವು.

"ಏನು, ಕಿತ್ತಳೆ ನೋಡ್ತಿದೀರಾ ಮಾಸ್ಟ್ರೇ?" ಅಪ್ಪ ಅಲ್ಲಿಂದಲೇ ಕೂಗಿದರು. "ಹೋದ ವರ್ಷ ಗಾಳಿ ಎದ್ದಾಗ ಅದರ ಪಟ್ಟಿ ಎಲ್ಲೋ ಬಿದ್ದೋಗಿತ್ತು. ನಸುಕಿನಲ್ಲೇ ಎದ್ದು ತಡಕಾಡಿ ಕಟ್ಟಿದೆ. ಇಲ್ದಿದ್ರೆ ಕಸಿ ಸೀಳಿ ಹೋಗಿರೋದು. ಈ ಕಣ್ಣಲ್ಲೂ ನನ್ನ ಕೈ ಹೇಗಿದೆ?"

ಅವನು ಚಾಕು ಒರೆಸಿ ಬದಿಗಿಟ್ಟ.

"ಒಳ್ಳೇ ಕೆಲಸ ಮಾಡಿದ್ರಿ ಯಜಮಾನ್ರೇ," ಎಂದ. ಆಮೇಲೆ ಬಹಳ ಮೆಲ್ಲಗೆ, ನನಗೆ: "ನಾಲ್ಕು ಹೆಜ್ಜೆ. ಅಷ್ಟೇ ದೂರ ಇತ್ತು."

"ನನಗೆ ಒಂದು ಬಾಗಿಲು," ಎಂದೆ.

ಅವನು ಗಂಟಿಲ್ಲದ ತನ್ನ ಪಟ್ಟಿಯನ್ನು ನನ್ನ ಕಡೆ ಸರಿಸಿದ. ಕೈ ತಾಗಲಿಲ್ಲ.

"ಮನೆಯಲ್ಲಿ ಅವರು..." ಕೇಳಿದೆ.

"ಒಳ್ಳೆಯವಳು. ತುಂಬಾ ಮಾತಾಡ್ತಾಳೆ." ನಗಲು ನೋಡಿದ. "ಮೌನ ಅಂದ್ರೆ ನನಗೀಗ ಭಯ."

ಕೆಲಸ ಮುಗಿದ ದಿನ ಅಪ್ಪ ಕಿತ್ತಳೆ ಕುಂಡವನ್ನು ಎತ್ತಿಕೊಂಡು ಗೇಟಿಗೆ ಬಂದರು. "ಮದುವೆಗಂತೂ ಕರೀಲಿಲ್ಲ. ಇದು ಉಡುಗೊರೆ, ಮನೆ ಮುಂದೆ ಇಡಿ."

"ಅದು ಬೇಡ ಅಪ್ಪ. ಅದು ನಂದು."

ಇಡೀ ಅಂಗಳ ಕೇಳುವಷ್ಟು ಜೋರಾಗಿ ಹೇಳಿದ್ದೆ. ಅಮ್ಮನ ಕೈಯಿಂದ ಟ್ರೇ ಜಾರಿತು. ಅವನು ಬೈಕಿನ ಮೇಲಿಂದ ತಿರುಗಿ ನನ್ನನ್ನು ನೋಡಿದ. ನಾನು ನೆಲ ನೋಡಲಿಲ್ಲ. ರಸ್ತೆಯ ತಿರುವಿನವರೆಗೂ ನೋಡಿದೆ.

ಈಗ ಕಿತ್ತಳೆ ಹೂಬಿಟ್ಟಿದೆ. ಅಪ್ಪನಿಗೆ ಕಾಣದಿದ್ದರೂ ಪರಿಮಳ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಅದರ ಬಳಿ ನಿಂತು ಕಸಿ ಕೂಡಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾರೆ.

"ನಾನು ಆವತ್ತು ಕಟ್ಟಿದ್ದಕ್ಕೆ ಉಳೀತು, ಅಲ್ವಾ ಮಗಳೇ?"

"ಹೌದಪ್ಪ," ಎನ್ನುತ್ತೇನೆ. "ನೀನು ಕಟ್ಟಿದ್ದಕ್ಕೇ."

ಅದಕ್ಕೊಂದು ಚೀಟಿಯನ್ನೂ ಸಿಕ್ಕಿಸಿದ್ದೇನೆ. ‘ಕಿತ್ತಳೆ’ ಎಂದಷ್ಟೇ ಬರೆದಿದ್ದೇನೆ.