ಬಿಟ್ಟ ಹೊಲದ ಬನ್ನಿ

ನಮ್ಮ ಬನ್ನಿ ಗಿಡಕ್ಕೆ ಯಾರೋ ‘ಜಾಲಿ’ ಎಂದು ಬರೆದ ತಗಡಿನ ಚೀಟಿ ಕಟ್ಟಿದ್ದರು. ಪ್ರತಿ ದಸರೆಗೆ ನಮ್ಮ ಮನೆಯವರೆಲ್ಲ ಪೂಜೆ ಮಾಡುವ ಗಿಡ ಅದು. ನನ್ನ ಪಿತ್ತ ನೆತ್ತಿಗೇರಿತು.

“ಯಾರ್ರೀ ಇದನ್ನ ಕಟ್ಟಿದೋರು?”

ಪೊದೆಯ ಹಿಂದಿನಿಂದ ಒಬ್ಬ ಎದ್ದು ನಿಂತ. ಕೊರಳಲ್ಲಿ ಅಳತೆ ಟೇಪು, ಕಿವಿಯ ಮೇಲೆ ಪೆನ್ಸಿಲ್, ಸ್ವೆಟರ್ ತುಂಬ ಹುಲ್ಲಿನ ಮುಳ್ಳು.

“ನಾನ್ರಿ.”

“ಇದು ಬನ್ನಿ.”

“ಹೌದ್ರಿ, ಬನ್ನಿ,” ಎಂದವನೇ ಚೀಟಿ ಬಿಚ್ಚಿಬಿಟ್ಟ. ಜಗಳಕ್ಕೆಂದೇ ವೇಲು ಸೊಂಟಕ್ಕೆ ಸಿಕ್ಕಿಸಿ ಬಂದಿದ್ದ ನನಗೆ ಭಾರಿ ನಿರಾಸೆಯಾಯಿತು.

ನಮ್ಮೂರು ಮಂಗಳೂರು. ಸಮುದ್ರದ ಮಂಗಳೂರಲ್ಲ, ಕುಕನೂರ ಕಡೆಯದು. ಊರ ಹೊರಗಿನ ಎಂಟೆಕರೆ ಕಲ್ಲುಹೊಲವನ್ನು ಅಜ್ಜ ಬಿತ್ತುವುದು ಬಿಟ್ಟು ಇಪ್ಪತ್ತೈದು ವರ್ಷವಾಯಿತು. ಈಗ ಅದು ಅಡವಿ. ಒಡ್ಡಿನ ಮೇಲೆ ಬೇವು ಸಾಲಾಗಿ ನಿಂತಿರುವುದರಿಂದ ಮಾತ್ರ ಹಿಂದೆ ಹೊಲವಿತ್ತೆಂದು ಗೊತ್ತಾಗುತ್ತದೆ. ಬಿ.ಎ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತ, ನಡುವೆ ನಾನು ಅಲ್ಲೇ ಆಡು ಮೇಯಿಸುತ್ತೇನೆ.

ಅವನು ವಿರುಪಾಕ್ಷಿ, ಗಂಗಾವತಿಯವನು. ಬಿಟ್ಟ ಹೊಲಗಳಲ್ಲಿ ತಾವಾಗಿಯೇ ಎದ್ದ ಗಿಡಗಳ ಪಟ್ಟಿ ಮಾಡಲು ಯಾವುದೋ ಕಾಲೇಜಿನವರು ಕಳಿಸಿದ್ದರು. ಭತ್ತದ ಗದ್ದೆಯ ನಡುವೆ ಬೆಳೆದ ಹುಡುಗ. ಚಳಿಗೆ ಎಲೆ ಉದುರಿಸಿ ನಿಂತ ಗಿಡಗಳ ಮುಂದೆ ಹೊಸ ಅಳಿಯನ ಹಾಗೆ ಕಕ್ಕಾಬಿಕ್ಕಿಯಾಗಿದ್ದ.

“ಎಲಿ ಇಲ್ದ ಹೆಂಗ ಗುರ್ತ ಹಿಡೀತೀರಿ?”

“ಮಂದಿನ ಅಂಗಿ ನೋಡಿ ಗುರ್ತ ಹಿಡೀತೀರೇನು? ಮಾರಿ ನೋಡ್ರಿ.”

ಅಲ್ಲಿಂದ ದಿನಾ ಪಾಠ. ತೊಗಟೆ ಮುಟ್ಟಿಸಿದೆ, ಕಡ್ಡಿ ಮುರಿದು ಮೂಸಿಸಿದೆ, ಬಾರಿಹಣ್ಣು ತಿನ್ನಿಸಿ ಬಾರಿ ಗಿಡ ತೋರಿಸಿದೆ. ಮುತ್ತಲದ ಕಪ್ಪು ಮೊಗ್ಗು ಬೆಕ್ಕಿನ ಕಿವಿಯಷ್ಟು ಮೆತ್ತಗಿತ್ತು. ಅದನ್ನು ಸವರಿ ಅವನು ಮಗುವಿನ ಹಾಗೆ ನಕ್ಕ. ನಾನು ಮೊಗ್ಗು ಬಿಟ್ಟು ಅವನ ಬೆರಳು ನೋಡುತ್ತಿದ್ದೆ. ಅವನು ತಲೆ ಎತ್ತಿದ ಕೂಡಲೇ ಆಡಿನ ಕಡೆ ತಿರುಗಿ ಸುಮ್ಮನೆ “ಹುರ್ರ್” ಎಂದೆ. ಪಾಪ, ಆಡು ಏನೂ ಮಾಡಿರಲಿಲ್ಲ.

ಒಂದು ದಿನ ತಮಾಷೆಗೆ ಕಕ್ಕಿ ಗಿಡ ತೋರಿಸಿ “ಇದು ಅತ್ತಿ” ಎಂದೆ. ‘ಅತ್ತಿ’ ಎಂದು ಬರೆದುಕೊಂಡ.

“ಅಯ್ಯ! ಕಕ್ಕಿ ಅದು. ಮ್ಯಾಲ ಉದ್ದನ ಕಾಯಿ ಜೋತಾಡಾಕತ್ತಾವ, ಕಾಣಲಿಲ್ಲೇನು?”

“ಕಂಡ್ವು. ನಂಗೂ ಕಕ್ಕಿನ ಅನಸಿತ್ತು. ನೀವು ಅತ್ತಿ ಅಂದ್ರಲ್ಲಾ…”

“ಹೂಂ ಅನ್ನೂದು ಬಿಟ್ರ ನಿಮಗ ಬ್ಯಾರೆ ಮಾತ ಬರೂದಿಲ್ಲೇನ್ರಿ?”

ನಾಚಿ ನಕ್ಕ. ಆ ನಗು ಕಂಡು ನನಗೆ ಅವನ ಮೇಲೆ ಪ್ರೀತಿಯಾಗಿದೆ ಎಂದು ಗೊತ್ತಾಯಿತು. ಸಂತೋಷದ ಜೊತೆಗೆ ಸಣ್ಣ ಹೆದರಿಕೆಯೂ ಆಯಿತು.

ಹೆದರಿದ್ದು ಸುಳ್ಳಾಗಲಿಲ್ಲ. ಅಜ್ಜ ಹೊಲದಿಂದ ಆಯ್ದು ಒಟ್ಟಿದ ಕಲ್ಲಿನ ಗುಡ್ಡೆಯ ಮೇಲೆ ಮಾತ್ರ ಅಲ್ಲಿ ಮೊಬೈಲ್‌ಗೆ ನೆಟ್‌ವರ್ಕ್. ಗುರುವಾರ ಅದರ ಮೇಲೆ ನಿಂತು ಅವನು ನಾಲ್ಕು ಸಲ “ಹೂಂ ಅವ್ವ” ಎಂದು, ಸಪ್ಪೆ ಮುಖ ಮಾಡಿಕೊಂಡು ಇಳಿದ.

“ಐತವಾರ ಹುಡುಗಿ ನೋಡಾಕ ಹೋಗೂದೈತಂತ.”

“ನಿಮಗ ಮನಸೈತೇನು?”

“ಇಲ್ಲ.” ನನ್ನನ್ನೇ ನೋಡಿದ. “ನಿಮಗ ಗೊತ್ತೈತಿ, ಇಲ್ಲ.”

“ಮತ್ತ ಹೂಂ ಅಂದ್ರಿ?”

“ಅವ್ವಗ ಒಲ್ಲೆ ಅಂತ ಇಲ್ಲೀತನಕ ಒಮ್ಮೆನೂ ಅಂದಿಲ್ಲ ದ್ರಾಕ್ಷಾಯಿಣಿ.”

“ಹಂಗಾರ ನಾಳೆ ತಾಳಿ ಕಟ್ಟು ಅಂದ್ರೂ ಹೂಂ ಅಂತೀರಿ,” ಎಂದು ಆಡು ಹೊಡೆದುಕೊಂಡು ಹೊರಟುಬಿಟ್ಟೆ. ಶುಕ್ರವಾರ ಆ ಕಡೆ ಕಾಲಿಡಲಿಲ್ಲ. ಮನೆಯಲ್ಲಿ ಕೂತು ಮೂರು ರೊಟ್ಟಿ ಸೀಯಿಸಿದೆ. ಅಜ್ಜಿ ಭೀಮಕ್ಕ ಒಂದು ಮಾತೂ ಕೇಳದೆ ಸೀದ ರೊಟ್ಟಿಯನ್ನೇ ತಿಂದಳು.

ಶನಿವಾರ ಅವನ ಕೆಲಸದ ಕೊನೆಯ ದಿನ. ಆಡು ಮೇಯಿಸುವುದನ್ನು ಬಿಡಲಾಗುತ್ತದೆಯೇ ಎಂದು ನನಗೆ ನಾನೇ ನೆಪ ಹೇಳಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೋದೆ.

ಒಡ್ಡಿನ ಮೇಲೆ ಕಾದಿದ್ದ. ಕೈಯಲ್ಲಿ ಸಣ್ಣ ಎಲೆಗಳ ಒಂದು ಟೊಂಗೆ. ಗಿಡಗಂಟಿಯ ನಡುವೆ ತಾನಾಗಿ ಹುಟ್ಟಿದ ಎಳೆಯ ಬನ್ನಿಯೊಂದು ಅವನಿಗೆ ಸಿಕ್ಕಿತ್ತು. ನಾನು ಯಾವತ್ತೂ ತೋರಿಸಿರದ ಗಿಡ.

“ದಸರಾಕ್ಕ ನಾ ಇಲ್ಲಿರಲಿಲ್ಲ. ಈಗ ಕೊಡ್ತೀನಿ, ತಗೋರಿ,” ಎಂದ. “ಬನ್ನಿ ತಗೊಂಡು ನಾವು ನೀವು ಬಂಗಾರದಂಗ ಇರೂಣು.”

ದಸರೆಯಲ್ಲಿ ಊರಿಗೆ ಊರೇ ಹೇಳಿಕೊಳ್ಳುವ ಮಾತು. ಈ ಚಳಿಯಲ್ಲಿ, ಹಬ್ಬವಿಲ್ಲದ ದಿನ, ಒಬ್ಬನೇ ಒಬ್ಬಳಿಗೆ ಹೇಳಿದಾಗ ಅದರ ಅರ್ಥ ನನಗೆ ತಿಳಿಯದ್ದೇನಲ್ಲ. ತಕ್ಷಣ ಕೈ ಚಾಚಬೇಕೆನಿಸಿತು. ಆದರೂ ಅವನ ಕೈಯಲ್ಲಿದ್ದ ಟೊಂಗೆಯನ್ನು ಬಗ್ಗಿ ಹಿಂದೆ ಮುಂದೆ ನೋಡಿ, ಮುಖ ಗಂಟಿಕ್ಕಿ ಹೇಳಿದೆ:

“ಇದು ಜಾಲಿ.”

ಅವನು ಟೊಂಗೆ ನೋಡಿದ, ನನ್ನನ್ನು ನೋಡಿದ. ಬಾಯಿ ಅರ್ಧ ತೆರೆಯಿತು. ಈಗ ಹೌದ್ರಿ ಎನ್ನುತ್ತಾನೆ, ಮುಗಿಯಿತು ಎಂದುಕೊಂಡೆ.

“ಅಲ್ಲ.”

“ಏನಂದ್ರಿ?”

“ಜಾಲಿ ಅಲ್ಲ. ಜಾಲಿಗೆ ಉದ್ದನ ಬಿಳಿ ಮುಳ್ಳು ಜೋಡಿ ಇರ್ತಾವ, ನೀವ ಹೇಳಿದ್ದು. ಇದು ಬನ್ನಿ. ನೀವು ನೂರು ಸಲ ಜಾಲಿ ಅಂದ್ರೂ ಬನ್ನಿನ!” ದನಿ ಏರಿತ್ತು. ತನ್ನ ದನಿಗೆ ತಾನೇ ಬೆಚ್ಚಿದ.

ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು. “ಬರತೈತಲ್ಲ ಮತ್ತ! ಹಿಂಗ ನಿಮ್ಮವ್ವಗೂ ಹೇಳ್ರಿ, ನೋಡೂಣು.”

ಜೇಬಿನಿಂದ ಫೋನ್ ತೆಗೆದ. ಆಮೇಲೆ ಟೊಂಗೆ ಹಿಡಿದುಕೊಂಡೇ ದಡದಡ ಕಲ್ಲಿನ ಗುಡ್ಡೆ ಹತ್ತಿದ.

“ಅವ್ವಾ, ನಾಳೆ ನಾ ಬರೂದಿಲ್ಲ… ಇಲ್ಲವ್ವಾ, ಆರಾಮ ಅದೀನಿ, ಜ್ವರ ಬಂದಿಲ್ಲ… ಯಾರೂ ಏನೂ ತಿನ್ನಿಸಿಲ್ಲ!… ಇಲ್ಲೊಬ್ಬಾಕಿ ಅದಾಳವ್ವಾ.”

ಆಮೇಲೆ ಬಹಳ ಹೊತ್ತು ಆ ಕಡೆಯ ಮಾತು ಕೇಳುತ್ತ ನಿಂತ. ನಾನು ಕೆಳಗೆ ವೇಲಿನ ತುದಿ ತಿರುವಿ ತಿರುವಿ ಹಗ್ಗ ಮಾಡಿದ್ದೆ. ಕೊನೆಗೆ ಫೋನನ್ನು ಕೈಯಿಂದ ಮುಚ್ಚಿ ನನ್ನ ಕಡೆ ಬಗ್ಗಿದ. ಮುಖದ ತುಂಬ ಬೆಳಗಿನ ಬಿಸಿಲು.

“ಅವ್ವ ಕೇಳಾಕತ್ಯಾಳ, ಹುಡುಗಿಗೆ ಒಪ್ಪಿಗಿ ಐತೇನಂತ.”

ಹೇಳಲು ಎಷ್ಟೊಂದು ಮಾತಿದ್ದವು. ಅಷ್ಟು ದಿನ ಅವನಿಗೆ ಪಾಠ ಹೇಳಿದ ನನ್ನ ಬಾಯಿಂದ ಹೊರಟಿದ್ದು ಒಂದೇ.

“ಹೂಂ,” ಎಂದು ಬನ್ನಿಗೆ ಕೈ ಚಾಚಿದೆ.